ಎಡಗೈ ನಿಶಾನಿ

ಹಾವೇರಿಗೆ ರೈಲ್ವೆ ಸ್ಟೇಷನ್ ಒಂದೇ ಎಂದು ಸರ್ಕಾರ ತಿಳಿದುಕೊಂಡಿದೆ. ಸರ್ಕಾರದ ಗಮನಕ್ಕೆ ಬಾರದ ಇನ್ನೊಂದು ಸ್ಟೇಷನ್ ವಿರೂಪಾಕ್ಷನ ಮನೆಯ ಮಾಳಿಗೆ ಮೇಲಿನ ಖೋಲಿಯಲ್ಲಿತ್ತು. ಅಲ್ಲಿ ಗದ್ದಲವಿರಲಿಲ್ಲ, ಉಗುಳುವವರಿರಲಿಲ್ಲ, ಟಿಕೀಟಿಲ್ಲದೆ ಓಡಾಡುವವು ಎಂದರೆ ಇರುವೆಗಳು ಮಾತ್ರ. ಎರಡು ಮಂಚ ಕೂಡಿಸಿದಷ್ಟು ಅಗಲದ ಹಲಗೆಯ ಮೇಲೆ ಒಂದು ಕರಿ ಎಂಜಿನ್ನು ನಾಲ್ಕು ಡಬ್ಬಿಗಳನ್ನು ಎಳೆದುಕೊಂಡು ಗುಂಡಗೆ ಸುತ್ತುತ್ತಿತ್ತು. ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂದು ಮುಟ್ಟುತ್ತಿತ್ತು. ವಿರೂಪಾಕ್ಷನ ಜೀವನವೂ ಹೆಚ್ಚುಕಡಿಮೆ ಹಾಗೇ ಇದ್ದುದರಿಂದ ಅವನಿಗೆ ಅದರಲ್ಲಿ ಬೇಸರ ಕಾಣಲಿಲ್ಲ.

ಅವನು ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಲೆಕ್ಕ ಬರೆಯುವವನು. ಬೆಳಿಗ್ಗೆ ಹಾವೇರಿಯಲ್ಲಿ ರೈಲು ಹತ್ತುವುದು, ಬ್ಯಾಡಗಿ ಸ್ಟೇಷನ್ ಬಂದಾಗ ಕಿಟಕಿಯಿಂದ ಹಣಿಕಿ ಹಾಕುವುದು, ರಾಣೇಬೆನ್ನೂರಿನಲ್ಲಿ ಇಳಿಯುವುದು, ಸಂಜೆ ಇದನ್ನೇ ಹಿಂದುಮುಂದು ಮಾಡುವುದು. ಐವತ್ತು ದಾಟಿದರೂ ಆಫೀಸಿನಲ್ಲಿ ಅವನನ್ನು ಜನ ಕೇಳುತ್ತಿದ್ದ ಪ್ರಶ್ನೆ ಒಂದೇ: "ಆ ಫೈಲು ಎಲ್ಲೈತ್ರಿ?" ಅದಕ್ಕೂ ಅವನ ಉತ್ತರ ಬರುವಷ್ಟರಲ್ಲಿ ಫೈಲು ಸಿಕ್ಕಿಬಿಡುತ್ತಿತ್ತು.

ಚಿಕ್ಕಂದಿನಲ್ಲಿ ಕಂಡ ಮೀಟರ್ ಗೇಜಿನ ಹೊಗೆಗಾಡಿ ಅವನ ತಲೆಯಿಂದ ಇಳಿದಿರಲಿಲ್ಲ. ಎಂಜಿನ್ನು, ಡಬ್ಬಿ, ಹಳಿ ಇವನ್ನು ಪಾರ್ಸಲ್ಲಿನಲ್ಲಿ ತರಿಸಿದ್ದ. ಉಳಿದದ್ದೆಲ್ಲ ಅಡುಗೆಮನೆಯಿಂದ ಮೇಲೆ ಹೋದದ್ದು. ಬೂಟಿನ ಡಬ್ಬಿ ಬ್ಯಾಡಗಿ ಸ್ಟೇಷನ್ ಆಯಿತು. ಹಾವೇರಿ ಸ್ಟೇಷನ್ ಮಾಡುವಷ್ಟು ದೊಡ್ಡ ಬೂಟು ಅವರ ವಂಶದಲ್ಲಿ ಯಾರೂ ಮೆಟ್ಟಿರಲಿಲ್ಲ. ಒಣಗಿದ ತುಳಸಿ ಕದಿರು ಗಿಡಗಳಾದವು. ಹಳಿಯ ಕೆಳಗಿನ ಜಲ್ಲಿಗೆ ಮೊದಲು ರವೆ ಸುರಿದ, ಇರುವೆ ಬಂದವು. ಆಮೇಲೆ ಮೆಣಸಿನಕಾಯಿ ಬೀಜ ಸುರಿದ, ಇರುವೆ ಹೋಗಲಿಲ್ಲ, ಇವನೇ ಸೀನುತ್ತ ಹೊರಗೆ ಬಂದ. ಎಂಜಿನ್ನಿನ ಚಿಮಣಿಯಲ್ಲಿ ಊದಿನಕಡ್ಡಿಯ ತುಂಡು ಸಿಗಿಸಿದರೆ ಹೊಗೆ ಚಂದ ಬರುತ್ತಿತ್ತು. ದಿನಾ ಸಂಜೆ ಊದಿನಕಡ್ಡಿಯ ವಾಸನೆ, ನಡುನಡುವೆ ಸೀಟಿ. ಎದುರುಮನೆಯ ಖತೀಜಾಬಿ ಅವನ ಹೆಂಡತಿ ರಂಜನಾಳಿಗೆ ಹೇಳಿದಳು, "ನಿಮ್ಮ ಮನೀಯವ್ರು ಭಾಳ ಭಕ್ತಿವಂತ್ರು ನೋಡ್ರಿ ಬಾಯಿ. ಎಷ್ಟೊತ್ತಿನ ತನಕ ಪೂಜಾ ಮಾಡ್ತಾರ!"

"ಹೌದ್ರಿ, ದೇವ್ರು ಇನ್ನೂ ಸ್ಟೇಷನ್ನಿಗೆ ಬಂದಿಲ್ಲ" ಎಂದಳು ರಂಜನಾ. ಅವಳು ಪ್ರಾಥಮಿಕ ಶಾಲೆಯ ಟೀಚರು. ಗಂಡನ ಖೋಲಿಯನ್ನು ಅವಳು ಶಾಲೆಯ ಕೊನೆಯ ಬೆಂಚನ್ನು ನೋಡುವ ಹಾಗೆ ನೋಡುತ್ತಿದ್ದಳು. ಗದ್ದಲ ಮಾಡದಿದ್ದರೆ ಸಾಕು.

ಪ್ಲಾಟ್‌ಫಾರ್ಮಿನ ಮೇಲೆ ನಿಶಾನಿ, ಅಂದರೆ ಗಾಡಿಗೆ ತೋರಿಸುವ ಬಾವುಟ, ಹಿಡಿದು ನಿಲ್ಲುವ ಒಬ್ಬ ಮನುಷ್ಯ ಬೇಕಾಗಿದ್ದ. ವಿರೂಪಾಕ್ಷ ಜೋಳದ ದಂಟಿನ ಬೆಂಡಿನಿಂದ ಮೈ ಮಾಡಿದ, ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಕೈಕಾಲು ಮಾಡಿದ, ತಲೆಗೆ ಒಂದು ಸಾಬೂದಾಣಿ ಕಾಳು ಅಂಟಿಸಿ, ಅದರ ಸುತ್ತ ಬಿಳಿ ದಾರ ಸುತ್ತಿ ರುಮಾಲು ಕಟ್ಟಿದ. ಒಣಗಲು ಇಟ್ಟಾಗ ಬಲಗೈ ಕಿತ್ತು ಬಿತ್ತು. ಮತ್ತೆ ಅಂಟಿಸಿದ, ಮತ್ತೆ ಬಿತ್ತು. ಮೂರನೆಯ ಸಲ ಆ ಕೈ ಎಲ್ಲಿ ಬಿತ್ತೋ ಸಿಗಲೇ ಇಲ್ಲ. ಹಾಳಾಗಿ ಹೋಗಲಿ ಎಂದು ನಿಶಾನಿಯನ್ನು ಎಡಗೈಗೆ ಕೊಟ್ಟು ನಿಲ್ಲಿಸಿದ.

ಮೊದಲು ಅವನು ಎಲ್ಲ ಖರೆ ಹೇಳಿಯೇ ವಿಡಿಯೋ ಹಾಕಿದ್ದ. "ನಮ್ಮ ಮನೆಯ ಆಟಿಗೆ ರೈಲು" ಎಂದು ಹೆಸರಿಟ್ಟಿದ್ದ. ನೋಡಿದವರಲ್ಲಿ ಅರ್ಧ ಮಂದಿ ಅವನೇ. ಬೆಂಗಳೂರಿನ ಷಡ್ಡಕ ಒಬ್ಬ "ಈಗ ವಯಸ್ಸೆಷ್ಟು?" ಎಂದು ಕೇಳಿದ್ದ. ಇದರಿಂದ ಮನಸ್ಸಿಗೆ ಹತ್ತಿತು. ಮೊಬೈಲಿನಲ್ಲಿ ಬಣ್ಣ ತೆಗೆಯುವ ವಿದ್ಯೆ ಕಲಿತ. ಚಿತ್ರದ ಮೇಲೆ ಗೀರು ಬೀಳಿಸುವುದು, ಅದು ಅಲುಗಾಡುವ ಹಾಗೆ ಮಾಡುವುದು, ಮಸಿ ಚೆಲ್ಲಿದಂಥ ಕಲೆ ಹಾಕುವುದು ಎಲ್ಲ ಕಲಿತ. ಫೋನನ್ನು ಹಲಗೆಯ ಮಟ್ಟಕ್ಕೆ ಇಳಿಸಿ, ಬೂಟಿನ ಡಬ್ಬಿಯನ್ನು ಮುಗಿಲೆತ್ತರ ಕಾಣುವಂತೆ ಹಿಡಿದು ತೆಗೆದ. ಕೆಳಗೆ ಬರೆದ: "ಬ್ಯಾಡಗಿ ಸ್ಟೇಷನ್, 1957."

ಅಷ್ಟೇ ಬರೆದ. ಸುಳ್ಳು ಬರೆಯಲಿಲ್ಲ, ಖರೆ ಬರೆಯುವುದನ್ನು ಬಿಟ್ಟ. ಇವೆರಡರ ನಡುವೆ ಬಹಳ ಅಂತರವಿದೆ ಎಂದು ಅವನು ಆಗ ನಂಬಿದ್ದ. ಹಾಗೆ ನಂಬಿ ಕೆಟ್ಟವರು ಲೋಕದಲ್ಲಿ ಇವನೊಬ್ಬನೇ ಅಲ್ಲ ಎಂಬುದಷ್ಟೇ ಅವನ ಪರವಾಗಿ ಹೇಳಬಹುದಾದ ಮಾತು.

ಗಣಪತಿ ಹಬ್ಬದ ಮುಂದಿನ ವಾರವೇ ಆ ವಿಡಿಯೋ ಹಾವೇರಿ ಜಿಲ್ಲೆಯ ಎಲ್ಲ ಮೊಬೈಲುಗಳಲ್ಲಿ ಓಡಾಡತೊಡಗಿತು. "ಎಂಥಾ ಕಾಲ ಇತ್ತಪಾ" ಎಂದು ಒಬ್ಬರು ಬರೆದರು. ಅವರು ಹುಟ್ಟಿದ್ದು ಆ ಕಾಲ ಮುಗಿದು ಮೂವತ್ತು ವರ್ಷಕ್ಕೆ. ಚಿತ್ರದ ಒಂದು ಕಡೆ, ಸ್ಟೇಷನ್ನಿನ ಹಿಂದೆ, ಕರ್ರಗಿನದೇನೋ ಒಂದು ಸರಿದುಹೋಗುತ್ತಿತ್ತು. ಅದು ಕರಡಿಯೇ ಎಂದು ಕೆಲವರು ವಾದಿಸಿದರು. ನಿವೃತ್ತ ಲೆಕ್ಚರರ್ ಒಬ್ಬರು, ರಾಣೇಬೆನ್ನೂರಿನ ಕೃಷ್ಣಮೃಗಗಳು ಆ ಕಾಲದಲ್ಲಿ ಬ್ಯಾಡಗಿಯವರೆಗೂ ಮೇಯಲು ಬರುತ್ತಿದ್ದವು ಎಂಬುದಕ್ಕೆ ಇದೇ ಪುರಾವೆ ಎಂದು ಉದ್ದಕ್ಕೆ ಬರೆದರು. ವಿರೂಪಾಕ್ಷ ಅದನ್ನು ಎರಡು ಸಲ ಓದಿದ. ಅದು ಇರುವೆ ಎಂದು ಅವರಿಗೆ ಹೇಳಲು ಅವನಿಗೆ ಧೈರ್ಯ ಬರಲಿಲ್ಲ. ಅಷ್ಟು ಓದಿದವರು!

ದಿನದ ರೈಲಿನಲ್ಲಿ ಜೊತೆಗೆ ಹೋಗುವವರು ಸುತ್ತುವರಿದರು. ಇಷ್ಟು ವರ್ಷ ಕಾಲು ಸರಿಸಿ ಎಂದಷ್ಟೇ ಹೇಳಿದ್ದವರು ಇವತ್ತು ಕಿಟಕಿಯ ಸೀಟು ಬಿಟ್ಟುಕೊಟ್ಟರು.

"ಎಲ್ಲಿ ಸಿಕ್ತ್ರಿ ಸರ ಆ ಫಿಲ್ಮು?"

"ಮನ್ಯಾಗ ಇತ್ತು" ಎಂದ ವಿರೂಪಾಕ್ಷ. ಇದು ಸುಳ್ಳಲ್ಲ.

"ನಿಮ್ಮ ಅಜ್ಜಾರದಿರಬೇಕು. ರೈಲ್ವೇದಾಗ ಇದ್ರೇನ್ರಿ?"

"ರೈಲಿನ್ಯಾಗ ಭಾಳ ಓಡಾಡ್ಯಾರ ಅವರು."

ಇದೂ ಸುಳ್ಳಲ್ಲ. ಅಜ್ಜ ಅಡುಗೆಯವರು. ಊರೂರಿನ ಮದುವೆಗೆ ಜಾರೆ, ಸೌಟು ಕಟ್ಟಿಕೊಂಡು ಮೂರನೇ ದರ್ಜೆಯಲ್ಲಿ ಓಡಾಡಿದ್ದರು. ಆದರೆ ರೈಲು ದೇವರಗುಡ್ಡ ದಾಟುವಷ್ಟರಲ್ಲಿ ಆ ಅಜ್ಜ ರೈಲ್ವೆಯ ದೊಡ್ಡ ಸಾಹೇಬರಾಗಿದ್ದರು, ರಾಣೇಬೆನ್ನೂರು ಬರುವಷ್ಟರಲ್ಲಿ ಅವರ ಗೆಳೆಯನೊಬ್ಬ ಇಂಗ್ಲೆಂಡಿನಿಂದ ಕ್ಯಾಮೆರಾ ತಂದುಕೊಟ್ಟಿದ್ದ. ವಿರೂಪಾಕ್ಷ ಇದ್ಯಾವುದನ್ನೂ ಹೇಳಲಿಲ್ಲ. ಮುಗುಳ್ನಗುತ್ತ ಕುಳಿತಿದ್ದ, ಅಷ್ಟೇ. ಆಫೀಸಿಗೆ ಹೋದರೆ ಮ್ಯಾನೇಜರೇ ಎದ್ದು ಬಂದು, "ಕುಂದರ್ರಿ ವಿರೂಪಾಕ್ಷ ಅವರ" ಎಂದರು. ಅವರಿಗೆ ಇವನ ಹೆಸರು ಗೊತ್ತಿದೆ ಎಂಬುದೇ ಇವನಿಗೆ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ಬ್ಯಾಡಗಿಯಲ್ಲಿ ಹನುಮೇಶ ಎಂಬವನು ರೈಲು ಹತ್ತಿ, ಡಬ್ಬಿಯಿಂದ ಡಬ್ಬಿಗೆ ಇವನನ್ನು ಹುಡುಕಿಕೊಂಡು ಬಂದ. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅದರ ಜೊತೆಗೆ ಬ್ಯಾಡಗಿ ಸ್ಟೇಷನ್ನಿನಲ್ಲಿ ಎಕ್ಸ್‌ಪ್ರೆಸ್ ನಿಲ್ಲಿಸಬೇಕೆಂದು ಹೋರಾಡುವ ಸಮಿತಿಯ ಕಾರ್ಯದರ್ಶಿ. ಆಳು ದೊಡ್ಡವನು, ದನಿ ಅದಕ್ಕಿಂತ ದೊಡ್ಡದು. ಆದರೆ ಅವತ್ತು ಆ ದನಿ ಒಡೆದಿತ್ತು.

"ಸರ, ನಮ್ಮವ್ವ ಮೈಲವ್ವ ಅಂತ. ಎಪ್ಪತ್ತೈದು ಆಗ್ಯಾವ. ನಿಮ್ಮ ಫಿಲ್ಮ್ ತೋರಿಸಿದೆ. ನೋಡಿದಾಕಿನ ಅಳಾಕ ಹತ್ತಿದ್ಲ್ರಿ. ಆ ನಿಶಾನಿ ಹಿಡದಾನಲ್ರಿ, ಅವ ತನ್ನಪ್ಪ ಅಂತಾಳ. ನಮ್ಮ ಮುತ್ಯಾ ಮಾಲತೇಶಪ್ಪ ಬ್ಯಾಡಗಿ ಸ್ಟೇಷನ್ನಿನ್ಯಾಗ ನಿಶಾನಿ ತೋರ್ಸಾಂವನ ಇದ್ದ್ರಿ. ಅವನ್ದು ಒಂದ ಫೋಟೋ ಇಲ್ಲರಿ ಮನ್ಯಾಗ. ಒಂದ ಸಲ ಬಂದ ಹೋಗ್ರಿ, ಕೈ ಮುಗೀತೇನಿ."

ವಿರೂಪಾಕ್ಷನ ಬಾಯಿ ತೆರೆಯಿತು. ಆ ಕ್ಷಣ ಹೇಳಿದ್ದರೆ ಇಡೀ ಡಬ್ಬಿ ನಗುತ್ತಿತ್ತು, ಅಷ್ಟೇ ಆಗುತ್ತಿತ್ತು. ನಾಲ್ಕು ದಿನ ನಕ್ಕು ಮರೆಯುತ್ತಿದ್ದರು. ಆದರೆ ಕಿಟಕಿಯ ಸೀಟಿನ ರುಚಿ ಹತ್ತಿದವನಿಗೆ ಎದ್ದು ನಿಲ್ಲುವುದು ಸುಲಭವಲ್ಲ. "ಬರ್ತೇನಿ" ಎಂದ. ಅಲ್ಲಿಗೆ ಹೋಗಿ, ಅವಳೊಬ್ಬಳಿಗೇ ಮೆಲ್ಲಗೆ ತಿಳಿಸಿ ಹೇಳಿದರಾಯಿತು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ.

ಅವಳೊಬ್ಬಳೇ ಎಲ್ಲಿಂದ ಸಿಗಬೇಕು? ಬ್ಯಾಡಗಿಯ ಆ ಮನೆಯ ಪಡಸಾಲೆಯಲ್ಲಿ ಓಣಿಗೆ ಓಣಿಯೇ ಕುಳಿತಿತ್ತು. ಮೂಲೆಯಲ್ಲಿ ಮೆಣಸಿನಕಾಯಿ ಚೀಲ, ಗಾಳಿಯೆಲ್ಲ ಘಾಟು. ನಡುವೆ ಕಂಬಕ್ಕೆ ಒರಗಿ ಮೈಲವ್ವ ಕುಳಿತಿದ್ದಳು. ಸಣ್ಣ ಮೈ, ದೊಡ್ಡ ಕುಂಕುಮವಿದ್ದ ಜಾಗದಲ್ಲಿ ಈಗ ವಿಭೂತಿ. ಅವಳ ಕೈಯಲ್ಲಿ ಮೊಮ್ಮಗಳು ಅಂಜಲಿಯ ಮೊಬೈಲು. ಮೊಬೈಲಿನ ಗಾಜಿಗೆ ಯಾರೋ ಕುಂಕುಮ ಹಚ್ಚಿದ್ದರು.

"ಬರ್ರಿ ಸಾಹೇಬ್ರ, ಕುಂದರ್ರಿ" ಎಂದಳು. "ಇಂವ ನಮ್ಮಪ್ಪ ನೋಡ್ರಿ. ಡಬ್ಬಿಗೆ ಡಬ್ಬಿ ಜೋಡಸೂ ಮುಂದ ಬಲಗೈ ಸಿಕ್ಕೊಂಡು ಬೆರಳ ಎಲ್ಲಾ ಹೋಗಿದ್ವು. ಆ ಮ್ಯಾಲ ಎಡಗೈಲೇ ನಿಶಾನಿ ಹಿಡೀತಿದ್ದ. ಇಡೀ ಲೈನಿನ್ಯಾಗ ಎಡಗೈಲೆ ನಿಶಾನಿ ತೋರ್ಸಾಂವ ನಮ್ಮಪ್ಪ ಒಬ್ಬನ. ನಾ ಏಳ ವರ್ಷದಾಕಿ ಇದ್ದೆ, ಜ್ವರ ಬಂದು ತೀರಿಕೊಂಡ. ನೋಡ್ರಿ, ಬಲಗೈ ಕಾಣಂಗಿಲ್ಲ. ಅಂಗಿ ಒಳಗ ಮುಚ್ಚಿಟಗೋತಿದ್ದ."

ಕಿತ್ತು ಬಿದ್ದ ಕಡ್ಡಿಪೆಟ್ಟಿಗೆಯ ಕಡ್ಡಿ ವಿರೂಪಾಕ್ಷನ ಕಣ್ಣ ಮುಂದೆ ಬಂತು.

"ಅವ್ವಾರ, ಅದು... ಖರೇ ಹೇಳಬೇಕಂದ್ರ..." ಎಂದು ಶುರುಮಾಡಿದ.

ಹನುಮೇಶ ನಡುವೆಯೇ ಬಾಯಿ ಹಾಕಿದ. "ಖರೇನ ಐತ್ರಿ ಸರ. ಕೈ ಸುಳ್ಳ ಹೇಳತೈತೇನ್ರಿ?"

ಅಷ್ಟರಲ್ಲಿ ಮಾಡದ ಮೇಲಿನಿಂದ ಹಲ್ಲಿ ಲೊಚಲೊಚ ಎಂದು ನುಡಿಯಿತು. ಇಡೀ ಪಡಸಾಲೆ ಬೆರಳಿನಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಎಂದಿತು. ಹಲ್ಲಿ ನುಡಿದ ಮೇಲೆ ಮಾತು ಖರೆಯೇ ಆಯಿತು. ಅದರ ಮೇಲೆ ಅಪೀಲು ಇಲ್ಲ. ಚಿಕ್ಕಂದಿನ ರೂಢಿಯ ಬಲದಿಂದ ವಿರೂಪಾಕ್ಷನೂ ನೆಲ ಕುಟ್ಟಿದ. ಕುಟ್ಟಿದ ಮೇಲೆ ಅವನಿಗೆ ತಾನೇ ಸಹಿ ಹಾಕಿದಂತಾಯಿತು ಎನ್ನಿಸಿತು. ಮತ್ತೊಮ್ಮೆ ಬಾಯಿ ತೆರೆದ, ಘಾಟಿಗೆ ಸೀನು ಬಂತು, ಸೀನು ಮುಗಿಯುವಷ್ಟರಲ್ಲಿ ಕೈಯಲ್ಲಿ ಚಹಾ ಇತ್ತು.

ಮೈಲವ್ವ ಎದ್ದು ಒಳಗಿನಿಂದ ಒಂದು ಗಂಟು ತಂದಳು. ಬಿಚ್ಚಿದರೆ ಹಳದಿ ತಿರುಗಿದ ಹಳೆಯ ಬಟ್ಟೆ, ಎಳೆ ಎಳೆಯಾಗಿತ್ತು.

"ಇದು ಅವನ ರುಮಾಲ. ಹಿರ್ಯಾರ ಎಡಿ ಇಡೂ ಮುಂದ ಎಲ್ಲಾರ ಮನ್ಯಾಗ ಫೋಟೋ ಇಡ್ತಾರ್ರಿ, ನಾ ಇದನ್ನ ಇಡ್ತೇನಿ. ಹರಕ ಅರಿವಿ ಎಡಿಗೆ ಇಡಬಾರದಂತ ನಮ್ಮ ಮಂದಿ ಬೈತಾರ. ಬೈಲಿ. ಮತ್ತೇನೈತಿ ನನ್ನ ಹಂತ್ಯಾಕ? ಈ ಅಮಾಸಿಗೆ ಅಪ್ಪನ್ನ ಫೋಟೋನ ಇಡಬೇಕಂತ ಮನಸ ಐತಿ ಸಾಹೇಬ್ರ. ದೊಡ್ಡದ ಮಾಡಿಸಿ ಕೊಡ್ರಿ."

ಆ ಅಮಾಸಿಗೆ, ಅಂದರೆ ಮಹಾಲಯ ಅಮಾವಾಸ್ಯೆಗೆ, ಇನ್ನು ಹೆಚ್ಚು ದಿನ ಉಳಿದಿರಲಿಲ್ಲ.

ರಾಣೇಬೆನ್ನೂರಿನಲ್ಲಿ ಅಲ್ಲಾವುದ್ದೀನನ ಸ್ಟುಡಿಯೋ. ಹನುಮೇಶ ತಾಯಿಯನ್ನೂ ವಿರೂಪಾಕ್ಷನನ್ನೂ ಕೂಡಿಸಿಯೇ ಕರೆದುಕೊಂಡು ಹೋದ. ಕಂಪ್ಯೂಟರಿನಲ್ಲಿ ಆ ನಿಶಾನಿ ಮನುಷ್ಯನನ್ನು ದೊಡ್ಡದು ಮಾಡಿದಷ್ಟೂ ಮುಖ ಬರಿ ಬೆಳ್ಳಗೆ, ದುಂಡಗೆ ಆಗುತ್ತ ಹೋಯಿತು. ಅಲ್ಲಾವುದ್ದೀನ ಕಸುಬುದಾರ, ಕನ್ನಡಕ ಏರಿಸಿ ಇಳಿಸಿ ನೋಡಿದ.

"ಸರ, ಬಿಸಲು ಭಾಳ ಬಿದ್ದೈತಿ, ಮುಖ ಸುಟ್ಟ ಹೋಗೇತಿ. ಮೂಗು ಇಲ್ಲ, ಕಣ್ಣಿಲ್ಲ. ಚಿಂತಿ ಮಾಡಬ್ಯಾಡ್ರಿ. ನನ್ನ ಹಂತ್ಯಾಕ ಕಣ್ಣು ಅದಾವು, ಮೀಸಿ ಅದಾವು. ಹುರಿ ಮೀಸಿ ಬೇಕೋ, ಗಿರಿಜಾ ಮೀಸಿ ಬೇಕೋ? ಸಿನಿಮಾದವರ ಕಣ್ಣ ಬೇಕಾದ್ರೂ ಕೂಡಸ್ತೇನಿ."

"ಗಿರಿಜಾ ಮೀಸಿ ಹಚ್ಚು. ಸಮಿತಿ ಬ್ಯಾನರಿಗೂ ಆಗತೈತಿ" ಎಂದ ಹನುಮೇಶ.

ಮೈಲವ್ವ ಕೈ ಎತ್ತಿದಳು. "ಬ್ಯಾಡಪಾ. ಯಾರದೋ ಕಣ್ಣು ನಮ್ಮಪ್ಪಗ ಯಾಕ? ಇದ್ದಂಗ ಇರ್ಲಿ. ಮುಖ ನನಗ ಗೊತ್ತೈತಿ, ನಾ ನೋಡ್ಕೋತೇನಿ."

ವಿರೂಪಾಕ್ಷ ಗೋಡೆಗೆ ಅಂಟಿದ್ದ ಮದುಮಕ್ಕಳ ಫೋಟೋಗಳನ್ನು ನೋಡುತ್ತ ನಿಂತ. ಅಲ್ಲಿಂದ ನೆಲದೊಳಗೆ ಇಳಿದುಹೋಗಲು ದಾರಿಯಿದ್ದಿದ್ದರೆ ಇಳಿದುಬಿಡುತ್ತಿದ್ದ.

ಆ ಸಂಜೆ ರಂಜನಾಳಿಗೆ ಎಲ್ಲ ಹೇಳಿದ. ಅವಳು ಮೊದಲು ನಕ್ಕಳು. ಕರಡಿ, ಕೃಷ್ಣಮೃಗ, ಇಂಗ್ಲೆಂಡಿನ ಕ್ಯಾಮೆರಾ ಎಲ್ಲಕ್ಕೂ ನಕ್ಕಳು. ರುಮಾಲಿನ ಮಾತು ಬಂದಾಗ ನಗು ನಿಂತಿತು.

"ಏನ್ ಮಾಡೀರಿ ಇದು? ಆಕಿ ತನ್ನ ಅಪ್ಪ ಅಂತ ಸಾಬೂದಾಣಿಗೆ ಕೈ ಮುಗಿಲಿಕತ್ಯಾಳ. ಅಮಾಸಿಗಿಂತ ಮೊದಲ ಹೋಗಿ ಹೇಳ್ರಿ. ಬೈಸಿಗೋರಿ, ಬಡಿಸಿಗೋರಿ, ಹೇಳಿ ಬರ್ರಿ. ನಾನೂ ಬರ್ತೇನಿ ಬೇಕಾದ್ರ."

"ನಾನ ಹೇಳ್ತೇನಿ. ಬರೂ ರವಿವಾರ ಹೇಳ್ತೇನಿ" ಎಂದ ವಿರೂಪಾಕ್ಷ.

ಆ ರವಿವಾರ ಸಮಿತಿಯವರು ಬ್ಯಾಡಗಿಯಲ್ಲಿ ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ವಿಡಿಯೋದಲ್ಲಿ ರೈಲು ಬೂಟಿನ ಡಬ್ಬಿಯ ಮುಂದೆ ಬಹಳ ಹೊತ್ತು ನಿಲ್ಲುತ್ತದೆ. ಅದು ಯಾಕೆ ನಿಂತಿತೆಂಬುದು ವಿರೂಪಾಕ್ಷನಿಗೆ ಗೊತ್ತಿತ್ತು. ಅವತ್ತು ರಂಜನಾ ಕೆಳಗೆ ಮಿಕ್ಸರ್ ಹಚ್ಚಿದ್ದಳು, ಫ್ಯೂಸ್ ಹೋಗಿತ್ತು. ಅಧ್ಯಕ್ಷರು ಮೈಕಿನಲ್ಲಿ ಗರ್ಜಿಸಿದರು: "ಐವತ್ತೇಳನೇ ಇಸವಿಯೊಳಗ ಎಕ್ಸ್‌ಪ್ರೆಸ್ ನಮ್ಮೂರಾಗ ನಿಂತೈತಿ! ಒಂದ ಮಿನಿಟಲ್ಲ, ಎರಡಲ್ಲ, ನಿಂತ ಬಿಟ್ಟೈತಿ! ಅವತ್ತ ನಿಂತಿದ್ದು ಇವತ್ತ ಯಾಕ ನಿಲ್ಲವಲ್ದು?" ಮನವಿ ತೆಗೆದುಕೊಳ್ಳಲು ಬಂದಿದ್ದ ರೈಲ್ವೆ ಸಾಹೇಬರೊಬ್ಬರು ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ದಾಖಲೆ ಗಟ್ಟಿಯಾಗಿದೆ, ಮೇಲಿನವರಿಗೆ ಕಳಿಸುತ್ತೇವೆ ಎಂದರು. ವಿರೂಪಾಕ್ಷನ ತಲೆಗೆ ಪೇಟ ಇಟ್ಟರು, ಹೆಗಲಿಗೆ ಶಾಲು ಹೊದಿಸಿದರು, ಕೊರಳಿಗೆ ಏಲಕ್ಕಿ ಹಾರ. ಎರಡು ಮಾತಾಡಿ ಎಂದು ಮೈಕು ಕೊಟ್ಟರು.

ಅವನು ಮೈಕಿನ ಮುಂದೆ ನಿಂತ. ಮುಂದಿನ ಸಾಲಿನಲ್ಲಿ ಮೈಲವ್ವ ಸೆರಗು ಹೊದ್ದು ಕುಳಿತಿದ್ದಳು, ಇವನನ್ನು ದೇವರನ್ನು ನೋಡುವ ಹಾಗೆ ನೋಡುತ್ತಿದ್ದಳು. "ನನಗ ಮಾತು ಬರೂದಿಲ್ಲ" ಎಂದ. ಜನ ಚಪ್ಪಾಳೆ ತಟ್ಟಿದರು. ಎಷ್ಟು ವಿನಯವಂತ ಎಂದರು. ಅವನು ಹೇಳಿದ ಖರೆ ಮಾತು ಅದೊಂದೇ, ಅದನ್ನೂ ಯಾರೂ ನಂಬಲಿಲ್ಲ.

ಅವನು ಶಾಲು ಮಡಚಿಕೊಂಡು ಮನೆಗೆ ಬಂದ. ರಂಜನಾ ಬಾಗಿಲು ತೆರೆದು, ಶಾಲು ನೋಡಿ, ಒಳಗೆ ಹೋದಳು. ಊಟಕ್ಕೆ ಬಡಿಸುವಾಗ ಮಾತ್ರ, "ಅಮಾಸಿ ದಿನ ಬೆಳಿಗ್ಗೆ ಮೊದಲನೇ ಗಾಡಿಗೆ ಹೋಗ್ರಿ. ಎಡಿ ಇಡೂದರೊಳಗ ಹೇಳ್ರಿ" ಎಂದಳು.

ಅಮಾವಾಸ್ಯೆಯ ಬೆಳಿಗ್ಗೆ ವಿರೂಪಾಕ್ಷ ಸ್ನಾನ ಮಾಡಿ, ಜೇಬಿನಲ್ಲಿ ಕಾಗದದ ಪೊಟ್ಟಣದೊಳಗೆ ಆ ನಿಶಾನಿ ಮನುಷ್ಯನನ್ನೇ ಇಟ್ಟುಕೊಂಡು ಹೊರಟ. ಬಾಯಿ ಬಾರದಿದ್ದರೆ ಇದನ್ನು ತೆಗೆದು ಅವಳ ಕೈಯಲ್ಲಿ ಇಡುವುದು, ಕಾಲು ಹಿಡಿಯುವುದು, ಬಂದದ್ದು ಅನುಭವಿಸುವುದು. ಇಷ್ಟು ಗಟ್ಟಿ ನಿರ್ಧಾರ ಅವನು ಮದುವೆಯಲ್ಲಿಯೂ ಮಾಡಿರಲಿಲ್ಲ.

ಮೈಲವ್ವನ ಮನೆಗೆ ಕೀಲಿ ಇತ್ತು. ಪಕ್ಕದ ಮನೆಯ ಹುಸೇನಬಿ ಅಂಗಳ ಗುಡಿಸುತ್ತ ಹೇಳಿದಳು, "ಐರಣಿಗೆ ಹೋಗ್ಯಾರ್ರಿ, ಹೊಳಿಗೆ. ಎಲ್ಲಾರೂ ಟೆಂಪೋ ಮಾಡಿಕೊಂಡು ಹೋದ್ರು. ಈಗ ಬರ್ತಾರ, ಕುಂದರ್ರಿ." ಹಬ್ಬದ ದಿನ ಹೊಳೆಸ್ನಾನಕ್ಕೆ ಹೋಗಿದ್ದಾರೆ ಎಂದುಕೊಂಡು ಕಟ್ಟೆಯ ಮೇಲೆ ಕುಳಿತ. ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದ. ಬಿಸಿಲು ಏರಿತು.

ಟೆಂಪೋ ಬಂದು ನಿಂತಾಗ ಮೊದಲು ಇಳಿದವನು ಹನುಮೇಶ. ಎದೆಗೆ ಅವಚಿಕೊಂಡ ದೊಡ್ಡ ಫೋಟೋ, ಅದಕ್ಕೆ ಗಾಜು, ಚಿನ್ನದ ಬಣ್ಣದ ಕಟ್ಟು, ಚೆಂಡು ಹೂವಿನ ಹಾರ. ಹಾರದ ನಡುವೆ ಬೆಳ್ಳನೆಯ ಸಾಬೂದಾಣಿ. ಹಿಂದೆ ಮೈಲವ್ವ ಇಳಿದಳು, ಕೂದಲು ಇನ್ನೂ ತೊಯ್ದಿತ್ತು. ವಿರೂಪಾಕ್ಷನನ್ನು ಕಂಡು ಅವಳ ಮುಖ ಅರಳಿತು.

"ಬಂದ್ರ್ಯಾ ಸಾಹೇಬ್ರ! ಹೇಳಿ ಕಳಸಬೇಕಂತಿದ್ದೆ. ಅಪ್ಪನ್ನ ಹೊಳಿಗೆ ಕರ್ಕೊಂಡು ಹೋಗಿ ಪೂಜಿ ಮಾಡಿಸಿಗೊಂಡು ಬಂದ್ವಿ."

"ಅವ್ವಾರ, ಒಂದ ಮಾತು. ನಿಮ್ಮೊಬ್ಬರಿಗೇ ಹೇಳೂದು..."

"ನಿಲ್ರಿ, ಮದಲ ಇದನ್ನ ಕೇಳ್ರಿ. ಎಷ್ಟ ವರ್ಷದ ಭಾರ ಇಳೀತು ನೋಡ್ರಿ ಇವತ್ತ. ಆ ರುಮಾಲನ್ನ ಹೊಳ್ಯಾಗ ಬಿಟ್ಟ ಬಂದೆ. ಹರಕ ಅರಿವಿ ಇಡಬಾರದು, ಮನಿಗೆ ಛಲೋ ಅಲ್ಲ ಅಂತ ಎಲ್ಲಾರೂ ಅನ್ನಾವ್ರ. ಅಪ್ಪನ ಸಿಕ್ಕ ಮ್ಯಾಲ ಅರಿವಿ ಯಾಕ ಅಂತ ನನಗೂ ಅನಿಸ್ತು. ಅರಿಶಿಣ ಕುಂಕುಮ ಹಚ್ಚಿ, ಎಲಿ ಮ್ಯಾಲ ಇಟ್ಟು ಬಿಟ್ಟೆ. ಹೊಳಿ ತುಂಬಿ ಹರ್ಯಾಕತ್ತಿತ್ತು. ನೋಡ್ ನೋಡ್ತಿದ್ದಂಗ ಹೋತು."

ವಿರೂಪಾಕ್ಷನ ಕೈ ಜೇಬಿನಲ್ಲಿತ್ತು. ಪೊಟ್ಟಣ ಬೆರಳಿಗೆ ಹತ್ತಿತು. ಅದನ್ನು ಅವನು ಹೊರಗೆ ತೆಗೆಯಲಿಲ್ಲ. ನಿನ್ನೆ ಹೇಳಿದ್ದರೆ ಅವಳಿಗೆ ರುಮಾಲಾದರೂ ಉಳಿಯುತ್ತಿತ್ತು. ಇವತ್ತು ಹೇಳಿದರೆ ಅವಳಿಗೆ ಉಳಿಯುವುದು ಏನೂ ಇಲ್ಲ. ತುಂಗಭದ್ರೆಯ ನೀರು ಹಿಂದಕ್ಕೆ ಹರಿಯುವುದಿಲ್ಲ. ಖರೆ ಹೇಳುವುದಕ್ಕೂ ಒಂದು ವೇಳೆ ಇರುತ್ತದೆ, ಅದು ತಪ್ಪಿದರೆ ಮುಂದಿನ ಗಾಡಿ ಇರುವುದಿಲ್ಲ ಎಂಬುದು, ದಿನಾ ರೈಲಿಗೆ ಓಡಾಡುವ ಆ ಮನುಷ್ಯನಿಗೆ ಇಷ್ಟು ದಿನ ತಿಳಿದಿರಲಿಲ್ಲ. ಅವನಿಗೆ ತನ್ನ ಮೇಲೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ.

"ಏನೋ ಮಾತು ಅಂದ್ರಲ್ರಿ?" ಎಂದಳು ಮೈಲವ್ವ.

"ಏನಿಲ್ರಿ. ಫೋಟೋ ಛಲೋ ಬಂದದ" ಎಂದ.

ಎಡೆ ಇಟ್ಟರು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಕರಿಗಡಬು. ಮಾಲತೇಶಪ್ಪನಿಗೆ ಎಲೆಅಡಿಕೆ ಸೇರುತ್ತಿತ್ತಂತೆ, ಅದನ್ನೂ ಇಟ್ಟರು. ಮನೆಮಂದಿಯೆಲ್ಲ ಬಗ್ಗಿ ನಮಸ್ಕಾರ ಮಾಡಿದರು. ಹನುಮೇಶನ ದೊಡ್ಡ ಮೈ ಬಗ್ಗಿದಾಗ ಪಡಸಾಲೆ ಸಣ್ಣದಾಯಿತು. ನೀವೂ ಮಾಡಿರಿ ಎಂದಾಗ ವಿರೂಪಾಕ್ಷನೂ ಉದ್ದಕ್ಕೆ ಬಿದ್ದ, ತಾನೇ ಮಾಡಿದ ಬೆಂಡಿನ ಮನುಷ್ಯನ ಮುಂದೆ. ಬಿದ್ದವನು ಸ್ವಲ್ಪ ಹೊತ್ತು ಏಳಲಿಲ್ಲ. "ಎಂಥಾ ದೊಡ್ಡ ಮನಸ್ರಿ" ಎಂದು ಯಾರೋ ಅಂದರು. ಅವನ ಎಲೆಗೆ ಮೊದಲನೆಯ ಹೋಳಿಗೆ ಬಿತ್ತು. ತುಪ್ಪ ಸುರಿದು ಮೈಲವ್ವ ಅವನ ಎದುರಿಗೇ ಕುಳಿತಳು.

"ಸಾಹೇಬ್ರ, ಒಂದ ಆಸೆ ಐತಿ. ಆ ಫಿಲ್ಮಿನ್ಯಾಗ ಅಪ್ಪ ಒಂದ ಕಡೆ ಮಾರಿ ಮಾಡಿ ನಿಂತಾನಲ್ರಿ. ಮುಂದ ಎಲ್ಲೆರ ಈ ಕಡೆ ಹೊಳ್ಳಿ ನೋಡ್ಯಾನೇನ್ರಿ? ಒಂದ ಸಲ ನನ್ನ ಕಡೆ ನೋಡಿದ್ದು?"

ಬಾಯಿಗೆ ಎತ್ತಿದ ಹೋಳಿಗೆಯನ್ನು ವಿರೂಪಾಕ್ಷ ಎಲೆಗೆ ಇಳಿಸಿದ. ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಆ ಮುಖ ನೋಡಿಕೊಂಡು ಇಲ್ಲ ಎನ್ನುವ ಗಂಡಸು ಅವನಲ್ಲ. "ಹುಡುಕತೇನ್ರಿ" ಎಂದ.

ಮನೆಗೆ ಬಂದಾಗ ಬಾಗಿಲಲ್ಲೇ ರಂಜನಾ ಕೇಳಿದಳು, "ಹೇಳಿದ್ರ್ಯಾ?" ಇವನು ಹೊಳೆಯ ಮಾತು ಹೇಳಿದ. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಆಮೇಲೆ ಅಂದಳು, "ಈಗ ಹೇಳಬ್ಯಾಡ್ರಿ. ಎಂದೂ ಹೇಳಬ್ಯಾಡ್ರಿ. ನೀವ ಹೊತ್ಕೋರಿ." ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅಂದಿನಿಂದ ಎಂಜಿನ್ನಿನ ಚಿಮಣಿಗೆ ಊದಿನಕಡ್ಡಿ ಬೀಳಲಿಲ್ಲ. ಖತೀಜಾಬಿ, "ಪೂಜಾ ಬಿಟ್ರೇನ್ರಿ ಬಾಯಿ?" ಎಂದು ಕೇಳಿ ಹೋದಳು. ಮೇಲಿನವರಿಗೆ ಹೋದ ಮನವಿಗೆ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು, ಸಮಿತಿಯವರು ಪೇಢೆ ಹಂಚಿದರು. ಹನುಮೇಶ ವಾರಕ್ಕೊಮ್ಮೆ ಫೋನು ಮಾಡುವನು. "ಸರ, ಅವ್ವ ಕೇಳಾಕತ್ತಾಳ. ಮುತ್ಯಾ ಹೊಳ್ಳಿ ನೋಡಿದ್ದು ಸಿಕ್ತೇನ್ರಿ?" ಇವನು ಹುಡುಕುತ್ತಿದ್ದೇನೆ ಎನ್ನುವನು. ಹುಡುಕಲು ಏನಿತ್ತು? ಒಂದು ಬೆರಳಿನಿಂದ ಆ ಬೆಂಡಿನ ಮನುಷ್ಯನನ್ನು ಹೊರಳಿಸಿ ನಿಲ್ಲಿಸಿ, ಮತ್ತೊಂದು ವಿಡಿಯೋ ತೆಗೆದರೆ ಮುಗಿಯಿತು. ಒಂದು ದಿನ ಹೊರಳಿಸಿಯೂ ನೋಡಿದ. ಕಣ್ಣಿಲ್ಲ, ಮೂಗಿಲ್ಲ. ರಂಜನಾಳ ಡ್ರಾಯಿಂಗ್ ಬ್ರಷ್ಷು ತಂದು ಕುಳಿತ. ಯಾರ ಕಣ್ಣು ಬರೆಯಬೇಕು? ಬ್ರಷ್ಷು ತೊಳೆದು ಇಟ್ಟ.

ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಫೋನು ಬಂತು. ಹನುಮೇಶನ ನಂಬರು, ಆದರೆ ದನಿ ಮೈಲವ್ವನದು.

"ಸಾಹೇಬ್ರ, ನಿಮಗ ತ್ರಾಸ ಕೊಡಾಕತ್ತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಆ ಫಿಲ್ಮ್ ಒಂದ ಚೂರು ಲಗೂ ಹುಡುಕ್ರಿ."

"ಯಾಕ್ರಿ ಅವ್ವಾರ, ಆರಾಮ ಇದ್ದೀರೇನು?"

"ಆರಾಮ ಇದ್ದೇನ್ರಿ. ಆದ್ರ ಒಂದ ನಮೂನಿ ಆಗೇತಿ. ಮದಲ ಆ ರುಮಾಲ ಮಾರಿಗೆ ಹಿಡಕೊಂಡ್ರ ಅಪ್ಪ ಖರೇನ ಬಂದು ಎದರಿಗೆ ನಿಂದ್ರತಿದ್ದ. ನಗಾವ, ಬೈಯಾವ. ಈಗ ಕಣ್ಣ ಮುಚ್ಚಿದ್ರ ಆ ಫೋಟೋದಾಂವನ ಬರ್ತಾನ್ರಿ. ಬೆಳ್ಳಗ, ದುಂಡಗ. ಖರೇ ಮುಖ ಹಿಂದ ಸರಿಯಾಕತ್ತೈತಿ. ಹೊಳ್ಳಿ ನೋಡಿದ್ದು ಸಿಕ್ರ ಒಂದ ಸಲ ನೋಡಿ ಗಟ್ಟಿ ಮಾಡ್ಕೋತೇನಿ."

ವಿರೂಪಾಕ್ಷ ಆ ಬೆಂಡಿನ ಮನುಷ್ಯನಿಗೆ ಮುಖ ಕೊಟ್ಟಿರಲಿಲ್ಲ. ಈಗ ಅವಳ ನೆನಪಿನಲ್ಲಿದ್ದ ಮುಖವನ್ನೂ ತಾನೇ ಕಸಿದುಕೊಳ್ಳುತ್ತಿದ್ದ.

"ಅವ್ವಾರ" ಎಂದ. "ಅವರು ಹೆಂಗಿದ್ರು ನನಗ ಹೇಳ್ರಿ. ಈಗ ಹೇಳ್ರಿ. ಮೂಗು ಹೆಂಗಿತ್ತು? ನಕ್ರ ಹೆಂಗ ಕಾಣ್ತಿದ್ರು? ಎಲ್ಲಾ ಹೇಳ್ರಿ, ನಾ ಕೇಳ್ತೇನಿ."

"ಅಪ್ಪನಾ? ಮೂಗು ಉದ್ದ ಇತ್ರಿ. ಹುಬ್ಬಿನ ಮ್ಯಾಲ ಒಂದ ಗಾಯದ ಕಲಿ ಇತ್ತು. ಸಣ್ಣಾಕಿದ್ದಾಗ ತೊಡಿ ಮ್ಯಾಲ ಕುಂತು ಅದನ್ನ ಮುಟ್ಟತಿದ್ದೆ. ಬಲಗಡೆ ಹುಬ್ಬು..." ಅವಳು ತಡೆದಳು. "ಬಲಗಡೆನೋ, ಎಡಗಡೆನೋ..."

ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು.

"ತಡೀರಿ ಸಾಹೇಬ್ರ, ನೆನಪ ಮಾಡ್ಕೋತೇನಿ" ಎಂದಳು ಮೈಲವ್ವ.

ರಂಜನಾ ಕೆಳಗಿನಿಂದ ಚಹಾಕ್ಕೆ ಕರೆದಳು, ಮತ್ತೆ ಕರೆದಳು. ವಿರೂಪಾಕ್ಷ ಫೋನು ಕಿವಿಗೆ ಒತ್ತಿಕೊಂಡು ಕಾಯುತ್ತ ನಿಂತೇ ಇದ್ದ.